ಸುಟ್ಟ ಮಾಲಿಗೆ ವಿಮೆ, ಸುಟ್ಟ ಮೈಗೆ ತುಪ್ಪ!

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ: ಈ ಮೂರು ಪೇಟೆಗಳಲ್ಲಿ ಬೆಂಕಿಯ ಸಂಗ ಮಾಡದೆ ಹೊಟ್ಟೆ ಹೊರೆಯುವ ದುಡಿಮೆಗಾರರು ಎಷ್ಟು ಜನ? ಗಿರಣಿಯ ಬಾಯ್ಲರಿನ ಬಳಿ ನಿಂತವನಿಗೆ ಉಗಿ. ಚುರಮುರಿ ಭಟ್ಟಿಯವನಿಗೆ ಕಾದ ಉಸುಕು. ಖಾನಾವಳಿಯ ಹುಡುಗನಿಗೆ ಕುದಿಯುವ ಸಾರಿನ ಪಾತ್ರೆ. ಮಿರ್ಚಿ ಅಂಗಡಿಯವನಿಗೆ ಎಣ್ಣೆಯ ಕಡಾಯಿ. ವೆಲ್ಡಿಂಗಿನವನಿಗೆ ಕಿಡಿ. ಇವರೆಲ್ಲರ ಮನೆಯ ಹೆಣ್ಣುಮಗಳಿಗೆ ದಿನಕ್ಕೆರಡು ಹೊತ್ತು ಒಲೆ. ಮೈ ಸುಡುವುದು ಇವರ ಪಾಲಿಗೆ ಎಂದೋ ಒಮ್ಮೆ ಬರುವ ಆಪತ್ತಲ್ಲ. ಕಸುಬಿನ ಜೊತೆಗೇ ಬಂದ ತೆರಿಗೆ.

ಆದರೆ ಮೈ ಸುಟ್ಟ ಗಳಿಗೆಯಲ್ಲಿ ಏನು ಮಾಡಬೇಕೆಂದು ಹತ್ತು ಜನರನ್ನು ಕೇಳಿ ನೋಡಿರಿ. ಒಬ್ಬರು ತುಪ್ಪ ಹಚ್ಚು ಎನ್ನುತ್ತಾರೆ. ಇನ್ನೊಬ್ಬರು ಅರಿಷಿಣ, ಮತ್ತೊಬ್ಬರು ಟೂತ್‌ಪೇಸ್ಟು. ಶಾಯಿ ಸುರಿಯುವವರಿದ್ದಾರೆ, ದೋಸೆಯ ಹಿಟ್ಟು ಬಳಿಯುವವರಿದ್ದಾರೆ, ಸೆಗಣಿ ಮೆತ್ತುವವರೂ ಇದ್ದಾರೆ. ಸ್ವಲ್ಪ ಓದಿದವರು ಐಸು ತರಲು ಓಡುತ್ತಾರೆ. “ತಣ್ಣೀರಿನ ಧಾರೆಯ ಕೆಳಗೆ ಇಪ್ಪತ್ತು ನಿಮಿಷ ಹಿಡಿ” ಎಂದು ಹೇಳುವವರು ಆ ಹತ್ತರಲ್ಲಿ ಎಷ್ಟು ಜನ? ಒಬ್ಬರು ಸಿಕ್ಕರೆ ನಿಮ್ಮ ಓಣಿಯ ಪುಣ್ಯ.

ಅಂಥ ಒಬ್ಬರೂ ಸಿಗದಿದ್ದರೆ ಅದು ಯಾರ ಅಪರಾಧ? ಇದೇ ಇಂದಿನ ಪ್ರಶ್ನೆ.

ಮೊದಲು ಆ ವಿದ್ಯೆ ಎಂಥದು ಎಂಬುದನ್ನು ಹೇಳಿಬಿಡೋಣ. ಪತ್ರಿಕೆಯ ಒಂದು ಮೂಲೆಯಲ್ಲಿ ಬರೆದು ಮುಗಿಸಬಹುದಾದಷ್ಟು ಸಣ್ಣ ವಿದ್ಯೆ ಅದು.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ಓಡಿದರೆ ಗಾಳಿ ಬೆಂಕಿಯನ್ನು ಬೆಳೆಸುತ್ತದೆ. ನೆಲಕ್ಕೆ ಬಿದ್ದು ಹೊರಳಬೇಕು. ಬಳಿಯಲ್ಲಿದ್ದವರು ಕಂಬಳಿ ಹೊದಿಸಿ ಇಲ್ಲವೇ ನೀರು ಸುರಿದು ಆರಿಸಬೇಕು. ವಿದ್ಯುತ್ತಿನಿಂದ ಆದ ಸುಡುವಿಕೆಯಾದರೆ ಮೊದಲು ಕರೆಂಟು ತೆಗೆಯಬೇಕು, ಆಮೇಲೆ ಮನುಷ್ಯನನ್ನು ಮುಟ್ಟಬೇಕು. ಅಂಥವನನ್ನು ಗಾಯ ಕಾಣದಿದ್ದರೂ ದವಾಖಾನೆಗೆ ಒಯ್ಯಬೇಕು. ಸುಟ್ಟ ಜಾಗದ ಮೇಲಿನ ಬಟ್ಟೆ, ಉಂಗುರ, ಬಳೆ, ಗಡಿಯಾರಗಳನ್ನು ಬಾವು ಏರುವ ಮೊದಲೇ ತೆಗೆಯಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಕೀಳಬಾರದು. ಆಮೇಲೆ ನೀರು. ಕುಡಿಯುವಂಥ ಶುದ್ಧ ತಣ್ಣೀರನ್ನು ಸಣ್ಣ ಧಾರೆಯಾಗಿ ಇಪ್ಪತ್ತು ನಿಮಿಷ ಬಿಡಬೇಕು. ಆ ಕ್ಷಣವೇ ಆದರೆ ಉತ್ತಮ. ಸುಟ್ಟು ಮೂರು ತಾಸಿನೊಳಗೆ ಮಾಡಿದರೂ ಪ್ರಯೋಜನವುಂಟು. ನಳವಿಲ್ಲದಿದ್ದರೆ ತಂಬಿಗೆಯಿಂದ ಸುರಿಯಿರಿ. ಕೈಯೋ ಕಾಲೋ ಆದರೆ ಬಕೇಟಿನಲ್ಲಿ ಮುಳುಗಿಸಿಡಿರಿ, ನೀರು ಬೆಚ್ಚಗಾದೊಡನೆ ಬದಲಿಸಿರಿ. ಕೂಸಾದರೆ, ಮುಪ್ಪಿನವರಾದರೆ, ಮೈಯ ಬಹುಭಾಗ ಸುಟ್ಟಿದ್ದರೆ ಬಹಳ ಹೊತ್ತು ನೀರು ಹೊಯ್ದು ಮೈ ತಣ್ಣಗಾಗಿಸಬಾರದು. ಸುಡದ ಭಾಗಕ್ಕೆ ಕಂಬಳಿ ಹೊದಿಸಿ ಬೇಗ ಸಾಗಿಸಬೇಕು. ಸುಣ್ಣದ ಪುಡಿ ಬಿದ್ದಿದ್ದರೆ ಮೊದಲು ಒಣದಾಗಿಯೇ ಝಾಡಿಸಿ, ಆಮೇಲೆ ಧಾರಾಳ ನೀರಿನಿಂದ ತೊಳೆಯಬೇಕು. ಆಸಿಡ್ಡಾದರೆ ತಡಮಾಡದೆ ನೀರು, ಇನ್ನೂ ನೀರು. ಕೊನೆಗೆ ಒಗೆದ ಧೋತರದ ತುಂಡನ್ನು ಸಡಿಲವಾಗಿ ಮುಚ್ಚಬೇಕು. ಗುಳ್ಳೆ ಒಡೆಯಬಾರದು.

ಗಾಯ ಸುಟ್ಟವನ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಕೀಲು, ಗುಪ್ತಾಂಗಗಳ ಮೇಲಿದ್ದರೆ 108ಕ್ಕೆ ಕರೆ ಮಾಡಿ ದವಾಖಾನೆಗೆ ನಡೆಯಿರಿ. ನೆನಪಿರಲಿ: ಬಿಳಿಚಿಕೊಂಡು ಇಲ್ಲವೇ ಕಪ್ಪಾಗಿ, ನೋವೇ ಇಲ್ಲದ ಗಾಯ ಹಗುರಾದುದಲ್ಲ. ನೋವನ್ನು ತಿಳಿಸುವ ನರಗಳೇ ಸುಟ್ಟಿರುವುದರಿಂದ ಅಲ್ಲಿ ನೋವಿಲ್ಲ. ಅದೇ ಎಲ್ಲಕ್ಕಿಂತ ಆಳದ ಗಾಯ.

ಇಷ್ಟೇ. ಇದಕ್ಕೆ ಔಷಧದ ಅಂಗಡಿ ಬೇಡ, ಡಿಗ್ರಿ ಬೇಡ, ಚೀಟಿ ಬೇಡ. ಏಕೆ ಇಪ್ಪತ್ತು ನಿಮಿಷ? ರೊಟ್ಟಿಯ ಹಂಚನ್ನು ಒಲೆಯಿಂದ ಇಳಿಸಿದ ಮೇಲೂ ಅದರ ಮೇಲೆ ಬಿದ್ದ ಹನಿ ಚುರ್ರೆನ್ನುವುದನ್ನು ಯಾರು ಕಂಡಿಲ್ಲ? ಒಲೆ ಬಿಟ್ಟರೂ ಹಂಚಿನ ಕಾವು ಹಂಚಿನಲ್ಲಿಯೇ ಇರುತ್ತದೆ. ಹಾಗೆಯೇ ಬೆಂಕಿಯಿಂದ ಕೈ ಹಿಂದೆಗೆದ ಮೇಲೂ ಕಾವು ಚರ್ಮದೊಳಗೆ ಇಳಿದು ಕೆಳಗಿನ ಪದರುಗಳನ್ನು ಬೇಯಿಸುತ್ತಲೇ ಇರುತ್ತದೆ. ನೀರು ಆ ಕಾವನ್ನು ಹೊತ್ತೊಯ್ಯುತ್ತದೆ. ತುಪ್ಪ, ಪೇಸ್ಟು, ಹಿಟ್ಟುಗಳು ಕಾವಿನ ಮೇಲೆ ಮುಚ್ಚಳ ಹಾಕುತ್ತವೆ. ಆಮೇಲೆ ಡಾಕ್ಟರರು ಗಾಯ ನೋಡಬೇಕಾದರೆ ಅವನ್ನು ಕೆರೆದು ತೆಗೆಯಬೇಕು, ಆ ನರಳಾಟ ಬೇರೆ. ಐಸು ರಕ್ತನಾಳಗಳನ್ನು ಬಿಗಿಸಿ, ಮೊದಲೇ ನೊಂದ ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ “ಮಾಡಬಾರದು” ಪಟ್ಟಿಯಲ್ಲಿ ಎಣ್ಣೆಯ ಜೊತೆಗೆ ನಮ್ಮ ಅರಿಷಿಣದ ಹೆಸರೂ ಇದೆ, ಹಸಿ ಹತ್ತಿಯ ಹೆಸರೂ ಇದೆ. ಹತ್ತಿಯ ಪೇಟೆಯಾದ ರಾಣೆಬೆನ್ನೂರಿನ ಜನರೇ, ಅರಳೆಯನ್ನು ಸುಟ್ಟ ಗಾಯದ ಮೇಲೆ ಒತ್ತಬೇಡಿರಿ. ಅದು ಗಾಯಕ್ಕೆ ಅಂಟಿಕೊಳ್ಳುತ್ತದೆ.

ಇಷ್ಟು ಕೇಳಿದೊಡನೆ ಕೆಲವು ಸುಶಿಕ್ಷಿತರು ಮೂಗು ಮುರಿಯುತ್ತಾರೆ: “ನಮ್ಮ ಜನ ಮೂಢರು, ಎಷ್ಟು ಹೇಳಿದರೂ ಸೆಗಣಿ ಬಳಿಯುವುದನ್ನು ಬಿಡರು.” ಈ ಮಾತನ್ನು ನಾವು ಒಪ್ಪುವುದಿಲ್ಲ. ಎಷ್ಟು ಹೇಳಿದರೂ ಎನ್ನುತ್ತೀರಲ್ಲ, ಎಷ್ಟು ಸಲ ಹೇಳಿದ್ದೀರಿ? ಯಾರು ಹೇಳಿದ್ದೀರಿ? ಯಾವ ಓಣಿಗೆ ಬಂದು ಹೇಳಿದ್ದೀರಿ?

ಜನ ಮೂಢರಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರನ್ನು ನೋಡಿರಿ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದು. ಆದರೂ ದಿನವಿಡೀ ಮುಟ್ಟಿದ ಕೈ ಉರಿಯದೆ ಇರುವುದಿಲ್ಲ. ಆ ಉರಿಗೆ ಎಣ್ಣೆ ಸವರಿದರೆ ತಣಿಯುತ್ತದೆ. ಇದು ಸರಿಯಾದ ವಿದ್ಯೆಯೇ. ಮೆಣಸಿನಕಾಯಿಯ ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ರಸಾಯನಶಾಸ್ತ್ರ ಓದದ ತಾಯಿ ಅನುಭವದಿಂದಲೇ ಅದನ್ನು ಕಂಡುಕೊಂಡಳು. ಖಾರದ ಉರಿಗೆ ಎಣ್ಣೆ ಸೈ ಎಂದಾದ ಮೇಲೆ ಬೆಂಕಿಯ ಉರಿಗೂ ಎಣ್ಣೆಯೇ ಸೈ ಎಂದು ಆಕೆ ತಿಳಿದರೆ, ಅದು ಮೂಢತನವೇ? ಆಕೆ ತನಗೆ ತಿಳಿದುದರಿಂದ ತಿಳಿಯದುದಕ್ಕೆ ಹೆಜ್ಜೆ ಇಟ್ಟಳು. ಎರಡು ಉರಿಗಳೂ ಬೇರೆ, ಒಂದಕ್ಕೆ ಎಣ್ಣೆ, ಇನ್ನೊಂದಕ್ಕೆ ನೀರು ಎಂದು ಹೇಳಬೇಕಾಗಿದ್ದವರು ಬಾಯಿ ಮುಚ್ಚಿ ಕುಳಿತರು. ತಪ್ಪು ಹೆಜ್ಜೆ ಇಟ್ಟವರದಲ್ಲ, ದೀಪ ಹಿಡಿಯದವರದು.

ಸರಕಾರಕ್ಕೆ ಶಕ್ತಿಯಿಲ್ಲವೆಂದೇ? ಅದನ್ನೂ ನಂಬಲಾರೆವು. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೋ ಆರಂಭವಾಯಿತು. ಎರಡು ಹನಿ ಎಂಬ ಮಾತು ತಾಂಡಾಗಳಿಗೂ ಕುರಿಗಾರರ ಬೀಡುಗಳಿಗೂ ಮುಟ್ಟಿತು. ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಜಾತ್ರೆಯಲ್ಲಿ ಕೂಸುಗಳ ಬಾಯಿಗೆ ಹನಿ ಬಿತ್ತು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಭೇದಿಯಾದ ಕೂಸಿಗೆ ಉಪ್ಪು ಸಕ್ಕರೆ ನೀರು ಕುಡಿಸಬೇಕೆಂಬುದೂ ಹೀಗೆಯೇ ಮನೆಮಾತಾಯಿತು. ಮನಸ್ಸು ಮಾಡಿದಾಗ ಇದೇ ಸರಕಾರ, ಇದೇ ಜನ, ಇದೇ ಭಾಷೆ ಸಾಕಾಯಿತು. ಹಾಗಾದರೆ ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಗಣನೀಯವಾಗಿ ಸುಡುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತಿರುವಾಗ, “ತುಪ್ಪ ಬೇಡ, ನೀರು ಹಾಕು” ಎಂಬ ನಾಲ್ಕು ಶಬ್ದಗಳು ಏಕೆ ಮನೆಮಾತಾಗಲಿಲ್ಲ? ಸುಡುವವರು ಯಾರು ಎಂಬುದರಲ್ಲಿಯೇ ಉತ್ತರವಿದೆ. ಪೋಲಿಯೋ ಬಂಗಲೆಗೂ ಬರುತ್ತಿತ್ತು, ಗುಡಿಸಲಿಗೂ ಬರುತ್ತಿತ್ತು. ಕುದಿಯುವ ಎಣ್ಣೆ ಮಾತ್ರ ಅದನ್ನು ಕಾಯಿಸುವವರ ಮೇಲೆಯೇ ಬೀಳುತ್ತದೆ.

ಕಾಯ್ದೆಯಿಲ್ಲವೇ? ಉಂಟು, ಬೇಕಾದಷ್ಟುಂಟು. 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಮು ಪ್ರತಿ 150 ಕೆಲಸಗಾರರಿಗೆ ಒಂದಾದರೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು ಹೇಳಿತು. ಆ ಪೆಟ್ಟಿಗೆ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರವುಳ್ಳ ಒಬ್ಬ ಹೊಣೆಗಾರನ ವಶದಲ್ಲಿರಬೇಕು, ಅವನು ಕೆಲಸದ ವೇಳೆಯಲ್ಲೆಲ್ಲ ಸಿಗುವಂತಿರಬೇಕು ಎಂದೂ ಹೇಳಿತು. ಐನೂರಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಅದಕ್ಕೊಂದು ಪ್ರತ್ಯೇಕ ಕೋಣೆ ಬೇಕೆಂದಿತು. ಆ ಕಾಯ್ದೆಯ ಜಾಗಕ್ಕೆ 2020ರ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿಯೂ ಪೆಟ್ಟಿಗೆಯ ಮಾತಿದೆ. ಅಂದರೆ ಮುಕ್ಕಾಲು ಶತಮಾನ ಕಾಗದದ ಮೇಲೆ ಪೆಟ್ಟಿಗೆ ಇದ್ದೇ ಇದೆ!

ಗಿರಣಿಯ ಸಂಗಾತಿಗಳೇ, ನಾಳೆ ಪಾಳಿಗೆ ಹೋದಾಗ ಆ ಪೆಟ್ಟಿಗೆಯನ್ನು ಹುಡುಕಿರಿ. ಇದೆಯೇ? ಇದ್ದರೆ ಕೀಲಿ ಯಾರ ಕಿಸೆಯಲ್ಲಿದೆ? ರಾತ್ರಿ ಪಾಳಿಯಲ್ಲಿ ಆ ಕಿಸೆ ಯಾವ ಊರಲ್ಲಿ ಮಲಗಿರುತ್ತದೆ? ಒಳಗಿರುವ ಮುಲಾಮಿನ ಡಬ್ಬಿಯ ಮೇಲೆ ಬರೆದುದು ಯಾವ ಭಾಷೆಯಲ್ಲಿದೆ, ಓದಿದವರು ಯಾರು? ಎಲ್ಲಕ್ಕಿಂತ ಮುಖ್ಯವಾಗಿ, ಪೆಟ್ಟಿಗೆಯಲ್ಲಿ ಹಿಡಿಸದ ವಸ್ತುವಾದ ನೀರಿನ ನಳ ಭಟ್ಟಿಯಿಂದ ಎಷ್ಟು ಹೆಜ್ಜೆ ದೂರವಿದೆ? ಉತ್ತರ ಬರೆದಿಟ್ಟುಕೊಳ್ಳಿರಿ. ಮುಂದಿನ ಮಾತುಕತೆಯಲ್ಲಿ ಧಣಿಗಳ ಮುಂದೆ ಇಡಲಿಕ್ಕೆ ಅದೇ ಮೊದಲ ಕಾಗದ.

ಶೀತಲಗೃಹದಲ್ಲಿಟ್ಟ ಮೆಣಸಿನಕಾಯಿಯ ಚೀಲಕ್ಕೆ ವಿಮೆಯುಂಟು. ಗೋದಾಮಿನ ಹತ್ತಿಯ ಹಿಂಡಿಗೆಗೆ ವಿಮೆಯುಂಟು. ಆ ಚೀಲ ಹೊತ್ತ ಹಮಾಲನ ಕೈಗೆ ಒಂದು ಬಕೇಟು ತಣ್ಣೀರೂ ಇಲ್ಲವೆಂದರೆ ಇದೆಂಥ ಲೆಕ್ಕ?

ದೊಡ್ಡ ಬೆಂಕಿ ಬಿದ್ದಾಗ ಮಾತ್ರ ನಾಡು ಎಚ್ಚೆತ್ತಂತೆ ಕಾಣುತ್ತದೆ. 2023ರ ಆಗಸ್ಟ್ 29ರಂದು ಹಾವೇರಿಯ ಮಗ್ಗುಲಲ್ಲೇ, ಆಲದಕಟ್ಟಿಯ ಬಳಿಯ ಪಟಾಕಿ ಗೋದಾಮು ಹೊತ್ತಿ ಉರಿಯಿತು. ದುಡಿಯಲು ಹೋದವರು ಹೆಣವಾಗಿ ಬಂದರು. ವೆಲ್ಡಿಂಗಿನ ಕಿಡಿ ಹಾರಿತೆಂದು ಆಗ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಅಂಗಡಿಯಲ್ಲಿ 14 ಜನ ಒಂದೇ ದಿನ ಸತ್ತರು. 2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಮಲಗಿದ್ದ ಅಯ್ಯಪ್ಪ ಮಾಲಾಧಾರಿಗಳ ಮೇಲೆ ಅಡುಗೆ ಅನಿಲದ ಬೆಂಕಿ ಎರಗಿತು. ಒಂಬತ್ತು ಜನ ಸುಟ್ಟರು, ಅವರಲ್ಲಿ ಬಹುಪಾಲು ಜನ ದವಾಖಾನೆಯಲ್ಲಿ ಒಬ್ಬೊಬ್ಬರಾಗಿ ತೀರಿಕೊಂಡರು. ಪ್ರತಿ ಸಲವೂ ಮಂತ್ರಿಗಳು ಬಂದರು, ಪರಿಹಾರದ ಮೊತ್ತ ಸಾರಿದರು.

ನೇರವಾಗಿ ಹೇಳುತ್ತೇವೆ: ಪಟಾಕಿ ಗೋದಾಮಿನಲ್ಲಿ ಸಿಕ್ಕಿಬಿದ್ದವನನ್ನು ತಂಬಿಗೆಯ ನೀರು ಬದುಕಿಸಲಾರದು. ಅಲ್ಲಿ ಬೇಕಾದುದು ಎರಡನೆಯ ಬಾಗಿಲು, ಪರವಾನಗಿಯ ಕಟ್ಟುನಿಟ್ಟು, ತಪಾಸಣೆ. ಆ ಹೋರಾಟವನ್ನು ನಾವು ಬಿಟ್ಟಿಲ್ಲ. ಆದರೆ ಹೆಡ್‌ಲೈನಿಗೆ ಬರುವ ಒಂದು ಬೆಂಕಿಯ ಹಿಂದೆ, ಯಾರೂ ಎಣಿಸದ ಸಾವಿರ ಸುಟ್ಟ ಕೈಗಳಿವೆ. ಎಣ್ಣೆ ಸಿಡಿದ ಮುಂಗೈ, ಉಗಿ ಬಡಿದ ಮುಖ, ಬಿಸಿನೀರಿನ ಹಂಡೆಗೆ ಬಿದ್ದ ಕೂಸು. ಇವಕ್ಕೆ ಪರಿಹಾರವೂ ಇಲ್ಲ, ಪಂಚನಾಮೆಯೂ ಇಲ್ಲ. ಇಪ್ಪತ್ತು ನಿಮಿಷದ ನೀರು ಮಾಡುವ ವ್ಯತ್ಯಾಸ ಇಲ್ಲಿಯೇ. ಹದಿನೈದು ದಿನದಲ್ಲಿ ಕೆಲಸಕ್ಕೆ ಮರಳುವ ಕೈಗೂ, ಬೆರಳು ಸೆಟೆದು ಜನ್ಮವಿಡೀ ಮುಷ್ಟಿ ಕಟ್ಟಲಾಗದ ಕೈಗೂ ಇರುವ ಅಂತರ ಅದು. ಕೂಲಿಕಾರನಿಗೆ ಕೈಯೇ ಬಂಡವಾಳ. ಅದು ಹೋದರೆ ಸಂಸಾರವೇ ದಿವಾಳಿ.

ಇನ್ನು ದೂರದ ಮಾತು. ದೊಡ್ಡ ಸುಟ್ಟಗಾಯವಾದರೆ ಹಾವೇರಿಯವರು ಹುಬ್ಬಳ್ಳಿಯ ಹಾದಿ ಹಿಡಿಯಬೇಕು, ಎಪ್ಪತ್ತು ಕಿಲೋಮೀಟರಿಗೂ ಮೇಲೆ. ರಾಣೆಬೆನ್ನೂರಿನವರು ದಾವಣಗೆರೆಗೆ ಓಡಬೇಕು. ಬ್ಯಾಡಗಿಯವರು ಮೊದಲು ಹೆದ್ದಾರಿ ಮುಟ್ಟಬೇಕು. ಆಂಬುಲೆನ್ಸು ಎಷ್ಟು ವೇಗವಾಗಿ ಓಡಿದರೂ ಕಾವು ಅದಕ್ಕಿಂತ ವೇಗವಾಗಿ ಚರ್ಮದಲ್ಲಿ ಇಳಿಯುತ್ತದೆ. ದವಾಖಾನೆ ದೂರವಿದ್ದಷ್ಟೂ ಮೊದಲ ಇಪ್ಪತ್ತು ನಿಮಿಷದ ಬೆಲೆ ಹೆಚ್ಚು. ಪಟ್ಟಣದವನಿಗಿಂತ ನಮಗೇ ಈ ವಿದ್ಯೆ ಹೆಚ್ಚು ಬೇಕು.

ನೀರು ಎಲ್ಲಿಂದ ಎನ್ನುತ್ತೀರಾ? ಸರಿಯಾದ ಪ್ರಶ್ನೆ. ನಿಮಿಷಕ್ಕೆ ಎರಡು ಲೀಟರಿನ ಸಣ್ಣ ಧಾರೆ ಎಂದು ಹಿಡಿದರೆ ಇಪ್ಪತ್ತು ನಿಮಿಷಕ್ಕೆ ನಲವತ್ತು ಲೀಟರು. ಸುಮಾರು ಮೂರು ಕೊಡ. ಬೇಸಿಗೆಯಲ್ಲಿ ನಳದ ನೀರಿಗೆ ದಿನಗಟ್ಟಲೆ ಕಾಯುವ ಓಣಿಗಳಲ್ಲಿ ಮೂರು ಕೊಡ ನೀರೆಂದರೆ ಆಟವೇ? ತುಂಗಭದ್ರೆ ಜಿಲ್ಲೆಯ ಅಂಚಿನಲ್ಲಿ ಹರಿಯುತ್ತಾಳೆ, ವರದೆ ಜಿಲ್ಲೆಯ ನಡುವೆ ಹರಿಯುತ್ತಾಳೆ, ಆದರೂ ಸುಟ್ಟ ಕೂಸಿನ ಕಾಲಿಗೆ ಸುರಿಯಲು ಕೊಡದ ತಳ ಕೆರೆಯಬೇಕು. ಆದುದರಿಂದಲೇ ಇದು ಬರಿಯ ಮನೆಮದ್ದಿನ ಮಾತಲ್ಲ, ರಾಜಕಾರಣದ ಮಾತು. ನಗರಸಭೆಯ ನಳದ ಪ್ರಶ್ನೆ ದವಾಖಾನೆಯ ಪ್ರಶ್ನೆಯೂ ಹೌದು.

ಸಣ್ಣ ವ್ಯಾಪಾರಿ ಬಂಧುಗಳೇ, ನಿಮಗೂ ಒಂದು ಮಾತು. ಇಬ್ಬರು ಮೂವರು ಆಳುಗಳ ಖಾನಾವಳಿ, ಚಹದ ಅಂಗಡಿ, ಬೇಕರಿಗಳಿಗೆ ಕಾರ್ಖಾನೆಯ ಕಾಯ್ದೆ ಮುಟ್ಟಲಿಲ್ಲ. ಹಾಗೆಂದು ಎಣ್ಣೆ ನಿಮ್ಮನ್ನು ಮುಟ್ಟದೆ ಬಿಟ್ಟಿತೇ? ಕಡಾಯಿಯ ಮುಂದೆ ನಿಲ್ಲುವವರು ಆಳು ಅಷ್ಟೇ ಅಲ್ಲ, ನೀವೂ ನಿಮ್ಮ ಹೆಂಡಿರು ಮಕ್ಕಳೂ. ಇನ್‌ಸ್ಪೆಕ್ಟರನಿಗೆ ಹೆದರಿ ಬೇಡ; ನಿಮ್ಮ ಕೈಗಾಗಿಯೇ ನಳ ಕೂಡಿಸಿದ ಒಂದು ಪೀಪಾಯಿಯನ್ನು ಒಲೆಯ ಸಮೀಪ ಇಡಿರಿ. ದಿನಾಲು ತುಂಬಿರಿ. ಗೋಡೆಯ ಮೇಲೆ ನಾಲ್ಕು ಸಾಲು ಕನ್ನಡದಲ್ಲಿ ಬರೆಸಿರಿ. ಒಂದು ವಿಷಯ ಮಾತ್ರ ಮರೆಯಬೇಡಿರಿ: ಕಡಾಯಿಯ ಎಣ್ಣೆಗೇ ಬೆಂಕಿ ಹತ್ತಿದರೆ ಅದರ ಮೇಲೆ ನೀರು ಸುರಿಯಬಾರದು, ಉರಿ ಕೆಳಗೆ ಆರಿಸಿ, ಮೇಲೆ ತಟ್ಟೆ ಮುಚ್ಚಬೇಕು. ನೀರು ಸುಟ್ಟ ಮೈಗೆ, ಉರಿಯುವ ಎಣ್ಣೆಗಲ್ಲ.

ಹೆಣ್ಣುಮಕ್ಕಳು ಸುಟ್ಟಾಗ ಇನ್ನೊಂದು ಪಿಡುಗು ಕಾಣುತ್ತದೆ. “ಪೊಲೀಸ್ ಕೇಸಾದೀತು, ಮುಟ್ಟಬೇಡ” ಎಂದು ನೆರೆಯವರು ಬಾಗಿಲಿಗೆ ನಿಂತು ನೋಡುತ್ತಾರೆ. ಸ್ಟೋವ್ ಸಿಡಿಯಿತೋ, ಸಿಡಿಸಿದರೋ, ಅದನ್ನು ಪೊಲೀಸರೂ ಕೋರ್ಟೂ ವಿಚಾರಿಸಲಿ. ಬಿಡಬೇಡಿರಿ, ವಿಚಾರಿಸುವಂತೆ ಮಾಡಿರಿ. ಆದರೆ ನೀರು ಸುರಿಯಲು ಯಾರ ಪರವಾನಗಿಯೂ ಬೇಡ. ಕೇಸಿನ ಕಾಗದ ಮುಗಿಯುವವರೆಗೆ ಕಾಯದೆ ಗಾಯಾಳುವಿಗೆ ಮೊದಲು ಚಿಕಿತ್ಸೆ ಕೊಡುವುದು ಪ್ರತಿಯೊಬ್ಬ ಡಾಕ್ಟರರ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲಿಯೇ ತೀರ್ಪು ಕೊಟ್ಟಿದೆ. ಈ ತೀರ್ಪನ್ನು ಬಾಯಿಪಾಠ ಮಾಡಿಕೊಳ್ಳಿರಿ. ದವಾಖಾನೆಯ ಬಾಗಿಲಲ್ಲಿ ಯಾರಾದರೂ “ಮೊದಲು ಸ್ಟೇಷನ್ನಿಗೆ ಹೋಗಿ” ಎಂದರೆ ಇದನ್ನು ಗಟ್ಟಿಯಾಗಿ ಹೇಳಿರಿ.

ನಮ್ಮ ಕೆಲವು ಸಂಗಾತಿಗಳೇ ಕೇಳಬಹುದು: ಕೂಲಿ, ಬೋನಸ್ಸು, ಬೆಲೆಯೇರಿಕೆಯ ಹೋರಾಟ ಬಿಟ್ಟು ತಣ್ಣೀರಿನ ಪಾಠವೇ? ಬಿಟ್ಟು ಅಲ್ಲ, ಅದರ ಜೊತೆಗೆ. ಹೆಂಗಸರಿಗೆ ನೀರಿಲ್ಲ, ಶೌಚಕ್ಕೆ ಮರೆಯಿಲ್ಲ, ಒಲೆಯ ಹೊಗೆ ಕಣ್ಣು ತಿನ್ನುತ್ತಿದೆ ಎಂಬುದು ದೊಡ್ಡ ರಾಜಕಾರಣವೆಂದು ಡಾ. ಲೋಹಿಯಾ ಹೇಳಿದಾಗಲೂ ಮುಗುಳ್ನಕ್ಕವರಿದ್ದರು. ಜನರ ಭಾಷೆಯಲ್ಲಿ ಇಲ್ಲದ ಜ್ಞಾನ ಜನರ ಮೇಲೆ ಆಳಿಕೆ ನಡೆಸುತ್ತದೆ ಎಂಬುದೇ ಅವರ ಭಾಷಾ ಹೋರಾಟದ ಸಾರ. ಸುಟ್ಟಗಾಯದ ವಿದ್ಯೆ ಆ ಮಾತಿಗೆ ಕನ್ನಡಿ ಹಿಡಿದಂತಿದೆ. ಪರಿಹಾರದ ಹಣ ಸತ್ತ ಮೇಲೆ ಬರುತ್ತದೆ, ಅರ್ಜಿ ಹಿಡಿದು ತಿರುಗಿದ ಮೇಲೆ ಬರುತ್ತದೆ. ನೀರು ಬೇಕಾದುದು ಈಗ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಬೇಡಿಕೆಯೆಂದರೆ ಭಿಕ್ಷೆಯಲ್ಲ, ಹಕ್ಕು.

ಒಂದು: ಮೂರೂ ಊರುಗಳ ಪ್ರತಿ ಗಿರಣಿ, ಭಟ್ಟಿ, ಶೀತಲಗೃಹ, ಮೆಣಸಿನಪುಡಿ ಮತ್ತು ಮೆಣಸಿನೆಣ್ಣೆಯ ಕಾರ್ಖಾನೆಗಳಲ್ಲಿ ಬೆಂಕಿಯ ಕೆಲಸದ ಹತ್ತಿರವೇ, ಇಪ್ಪತ್ತು ನಿಮಿಷ ನಿಲ್ಲದೆ ಹರಿಯುವ ನಳ ಇರಬೇಕು. ಎರಡು: ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಬೀಗ ಕೂಡದು, ಪ್ರತಿ ಪಾಳಿಯಲ್ಲಿ ತರಬೇತಾದ ಇಬ್ಬರು ಇರಬೇಕು, ತರಬೇತಿಯ ದಿನದ ಕೂಲಿ ಕಡಿಯಕೂಡದು. ಮೂರು: ಎ.ಪಿ.ಎಂ.ಸಿ. ಪ್ರಾಂಗಣ, ಬಸ್ ನಿಲ್ದಾಣ, ರೇಷನ್ ಅಂಗಡಿಗಳ ಗೋಡೆಯ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರದ ಫಲಕ ಬೇಕು. ನಾಲ್ಕು: ಶಾಲೆಯಲ್ಲಿ ಇದನ್ನು ಎರಡು ಅಂಕದ ಪ್ರಶ್ನೆ ಮಾಡಿ ಮರೆಯಬಾರದು, ಪ್ರತಿ ಹುಡುಗ ಹುಡುಗಿಯ ಕೈಯನ್ನು ವರ್ಷಕ್ಕೊಮ್ಮೆ ನಳದ ಕೆಳಗೆ ಹಿಡಿಸಿ, ಗಡಿಯಾರ ನೋಡಿ ಎಷ್ಟು ಹೊತ್ತು ಎಂಬುದನ್ನು ಮೈಗೇ ಕಲಿಸಬೇಕು. ಇಪ್ಪತ್ತು ನಿಮಿಷ ಎಷ್ಟು ಉದ್ದವೆಂಬುದು ನಿಂತು ನೋಡಿದವನಿಗೇ ಗೊತ್ತು. ಐದು: ಹಾವೇರಿಗೆ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ, ಜನರ ಹಣದಲ್ಲಿ ಓದುವ ವಿದ್ಯಾರ್ಥಿಗಳು ಸಂತೆಯ ದಿನ ಪೇಟೆಗೆ ಬಂದು ಕಲಿಸಲಿ.

ಇವನ್ನು ಒಪ್ಪಿಸುವವರೆಗೆ ಕೈಕಟ್ಟಿ ಕೂಡ್ರುವುದು ಬೇಡ. ಯೂನಿಯನ್ನಿನ ಪ್ರತಿ ಶಾಖೆ ಈ ತಿಂಗಳಲ್ಲಿ ಒಂದು ಸಂಜೆ ಕೂಡಲಿ. ಓದಲು ಬರುವವನು ಈ ಲೇಖನದ ನಡುವಿನ ಭಾಗವನ್ನು ಗಟ್ಟಿಯಾಗಿ ಓದಲಿ. ಹಮಾಲರ ಸಂಘ, ಕಟ್ಟಿಗೆ ಅಡ್ಡೆ, ಚಹದ ಅಂಗಡಿಯ ಬೆಂಚು, ತೊಟ್ಟು ಬಿಡಿಸುವ ಕಣ, ಎಲ್ಲೆಲ್ಲಿ ನಾಲ್ಕು ಜನ ಕೂಡುತ್ತಾರೋ ಅಲ್ಲೆಲ್ಲ ಈ ಮಾತು ನಡೆಯಲಿ. ತಾಯಂದಿರಿಗೆ ತಿಳಿಸದೆ ಈ ಕೆಲಸ ಅರ್ಧ. ಒಲೆಯ ಮುಂದೆ ಕೂಡುವವರು ಅವರೇ.

ತುಪ್ಪವನ್ನು ರೊಟ್ಟಿಗೆ ಹಚ್ಚಿರಿ, ಅರಿಷಿಣವನ್ನು ಸಾರಿಗೆ ಹಾಕಿರಿ. ಸುಟ್ಟ ಮೈಗೆ ನೀರು ಕೊಡಿರಿ, ಇಪ್ಪತ್ತು ನಿಮಿಷ. ಆ ನೀರಿಲ್ಲದ ಗಿರಣಿಯ ಮುಂದೆ, ಆ ನಳ ಬತ್ತಿದ ನಗರಸಭೆಯ ಮುಂದೆ, ಖಾಲಿ ಕೊಡ ಹಿಡಿದು ನಿಲ್ಲೋಣ.